ಬಿಸಿ ಮಾಡಿಟ್ಟ ಟ್ರ್ಯಾಕ್ಟರ್

ಹಳೇ ಗಾಡಿ ಕೊಳ್ಳಲು ಹೋದವರು ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುತ್ತಾರೆ. ಈ ಟ್ರ್ಯಾಕ್ಟರ್ ನೋಡಲು ಬಂದಾತನೂ ಇಟ್ಟ. ಸುಡುತ್ತಿತ್ತು.

"ನಾನು ಬರೋಕ್ ಮುಂಚೆನೇ ಓಡಿಸಿ ಬಿಸಿ ಮಾಡಿಟ್ಟಿದೀರಿ. ಏನಮ್ಮಾ ಮುಚ್ಚಿಡ್ತಿದೀರಿ?"

ಮಾರಲು ನಿಂತಿದ್ದ ಹೆಂಗಸು ತಲೆಯಾಡಿಸಿದಳು. "ಮುಚ್ಚಿಡೋಕಲ್ಲಣ್ಣ, ತೋರ್ಸೋಕೆ. ಇದು ಗೇರಿನ ಗಾಡಿ ಅಲ್ಲ, ಎಣ್ಣೆ ಒತ್ತಡದಲ್ಲಿ ಓಡೋದು. ಒಳಗಿನ ಪಂಪು ಸವೆದೋಗಿದೆ. ತಣ್ಣಗಿದ್ದಾಗ ಪೆಡಲ್ ಬಿಟ್ರೆ ಸಾಕು, ಬ್ರೇಕಿಲ್ದೆನೇ ಬಂಡೆ ಥರ ನಿಲ್ಲುತ್ತೆ. ಎಣ್ಣೆ ಬಿಸಿಯಾದ್ರೆ ದಿಬ್ಬದ ಮೇಲೆ ನಿಲ್ಲಲ್ಲ. ನೀವೇ ಹತ್ತಿಸಿ ನೋಡಿ."

ಹತ್ತಿಸಿದ. ಪೆಡಲಿನಿಂದ ಕಾಲು ತೆಗೆದದ್ದೇ ತಡ, ಟ್ರ್ಯಾಕ್ಟರ್ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಗಾಬರಿಯಿಂದ ಬ್ರೇಕು ಒತ್ತಿದ. ಗಾಡಿಯನ್ನು ಸಮತಟ್ಟಿಗೆ ತಂದು ನಿಲ್ಲಿಸಿ, ಇಳಿದು ನಕ್ಕ.

"ಹಿಂಗೆಲ್ಲ ಹೇಳಿದ್ರೆ ಯಾರಮ್ಮ ಒಳ್ಳೇ ರೇಟ್ ಕೊಡ್ತಾರೆ? ತಣ್ಣಗಿದ್ದಾಗ್ಲೇ ತೋರಿಸ್ಬೇಕಿತ್ತು."

"ನಮಗೆ ಹಂಗೇ ತೋರಿಸಿ ಮಾರಿದ್ರು."

"ಗೊತ್ತಾದ್ಮೇಲೆ ನಿಮ್ಮ ಯಜಮಾನ್ರು ಹೋಗಿ ಜಗಳ ಮಾಡ್ಲಿಲ್ವಾ?"

ಆಕೆ ದಿಬ್ಬದ ಬುಡದತ್ತ ನೋಡಿದಳು.

"ಈ ದಿಬ್ಬದ ಮೇಲೇ ಗಾಡಿ ನಿಲ್ಸಿ, ಟ್ರೈಲರ್ ಕೊಂಡಿ ಹಾಕೋಕೆ ಅಂತ ಹಿಂದಕ್ಕೆ ಹೋದ್ರಣ್ಣ. ಬೆಳಿಗ್ಗೆಯಿಂದ ಉತ್ತಿದ್ರು. ಎಣ್ಣೆ ಬಿಸಿಯಾಗಿತ್ತು."