ಬೇವಿನ ಹಾಜರಿ

ಬಯಲು ತರಗತಿಯಲ್ಲಿ ನಾನು ಮೊದಲು ಕೂಗುವುದು ಮರಗಳ ಹಾಜರಿ, ಆಮೇಲೆ ಮಕ್ಕಳದು. ಸಂಜೆ ಶಾಲೆ ಬಿಟ್ಟ ಮೇಲೆ ಮರಗಳು ಎಲ್ಲೆಲ್ಲೋ ಅಡ್ಡಾಡಿದರೂ ಬೆಳಗಿನ ಗಂಟೆಗೆ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ.

“ಬೇವು ಇವತ್ತೂ ಬಂದಿಲ್ರೀ ಟೀಚರ್,” ಎಂದಳು ಸಾವಂತ್ರಿ.

ನನಗೆ ಸಿಟ್ಟು ನೆತ್ತಿಗೇರಿತು. ಇವತ್ತಿಗೆ ಮೂರು ದಿನ. ಮೂರು ದಿನ ಗೈರಾದ ಮರದ ಹೆಸರು ಹೊಡೆದುಹಾಕಬೇಕೆಂಬುದು ನಿಯಮ; ಹೆಸರಿಲ್ಲದ ಮರವನ್ನು ಯಾರು ಬೇಕಾದರೂ ಕಡಿಯಬಹುದು. ಬಾವಿಯಿಂದ ನೀರು ಹೊತ್ತು ಆ ಬೇವನ್ನು ಸಸಿಯಿಂದ ಬೆಳೆಸಿದ ನಮ್ಮ ಶಾಲೆಯ ಜವಾನ ಖಾಜಾಕಾಕಾ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿ ನಾಲ್ಕು ದಿನವಾಗಿತ್ತು. ಅವರಿಗೇನು ಹೇಳಲಿ?

ಬೇರು ಎಳೆದ ಗೆರೆ ಹಿಡಿದು ಮಕ್ಕಳೂ ನಾನೂ ಹೊರಟೆವು. ಗೆರೆ ಜೋಳದ ಹೊಲ ದಾಟಿತು, ಡಾಂಬರು ರಸ್ತೆ ದಾಟಿತು, ಮಸೀದಿ ಓಣಿಗೆ ತಿರುಗಿತು. ಓಣಿಯ ಕೊನೆಯ ಅಂಗಳದಲ್ಲಿ ಖಾಜಾಕಾಕಾ ಹೊರಸಿನ ಮೇಲೆ ಮಲಗಿದ್ದರು. ಬೇವು ಅವರ ಮೇಲೆ ನೆರಳು ಹಿಡಿದು ನಿಂತಿತ್ತು.

“ಮಕ್ಕಳನ್ನ ಬಿಸಿಲಾಗ ಬಿಟ್ಟು ಬಂದೈತ್ರೀ. ಬೈದು ಬೈದು ಸಾಕಾತು, ಹೋಗವಲ್ದು,” ಎಂದು ಅವರು ನಾಚಿಕೊಂಡರು.

ಅವತ್ತಿನ ಪಾಠ ಅಲ್ಲೇ ನಡೆಯಿತು. ಹೊರಡುವಾಗ ಹಾಜರಿ ಪುಸ್ತಕ ತೆರೆದು, ಬೇವಿನ ಹೆಸರಿನ ಮುಂದಿದ್ದ ಗೈರು ಗುರುತುಗಳನ್ನೆಲ್ಲ ಅಳಿಸಿ ‘ರಜೆ’ ಎಂದು ಬರೆದೆ.

ಕಾರಣ: ಅಪ್ಪನಿಗೆ ಆರಾಮಿಲ್ಲ.