ಕೈ ಕೊಟ್ಟ ಮೈದುನ

"ಬಿಡಮ್ಮ, ಈ ಹಸು ಆಗಲೇ ನನ್ನದು," ಎನ್ನುತ್ತ ಸಂತೆಯಲ್ಲಿ ದನದ ವ್ಯಾಪಾರಿ ಕೋಯ್ನ್ ಹಗ್ಗಕ್ಕೆ ಕೈ ಹಾಕಿದ. ಡೀಲಿಯಾ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಯಾರು ಹೇಳಿದ್ದು?"

"ನಿನ್ನ ಮೈದುನ ಫೆಸ್ಟಿ. ಹೆಂಡದಂಗಡೀಲಿ ಈಗ ತಾನೇ ವ್ಯಾಪಾರ ಮುಗಿಸಿ ಕೈ ಕೊಟ್ಟ. ಹನ್ನೊಂದು ಪೌಂಡು."

ಡೀಲಿಯಾಗೆ ಮೈಯೆಲ್ಲ ಉರಿಯಿತು. ಹೆಂಗಸರಿಗೆ ಚೌಕಾಸಿ ಬರುವುದಿಲ್ಲ, ಗಿರಾಕಿ ಹಿಡಿದು ತರುತ್ತೇನೆ ಎಂದು ಹೋದವನು ಅವನು. ಈ ಹಸು ಮಾರಿ ಅವಳು ಎರಡು ಕರು ಕೊಳ್ಳಬೇಕಿತ್ತು. ಹನ್ನೊಂದಕ್ಕೆ ಒಂದೂವರೆ ಕರು ಬಂದೀತು. ಅರ್ಧ ಕರುವನ್ನು ಗಾಲ್ವೇ ಸೀಮೆಯಲ್ಲಿ ಯಾರೂ ಮಾರುವುದಿಲ್ಲ.

"ಕೈ ಕೊಟ್ಟನಾ? ಅದು ಅವನ ಹಳೇ ಚಾಳಿ. ನನಗೂ ಕೊಟ್ಟ. ಹಸು ನನ್ನದು. ಕೈ ಯಾರದೋ ಅವನನ್ನೇ ಹೊಡ್ಕೊಂಡು ಹೋಗು. ಮೇವು ಜಾಸ್ತಿ, ಹಾಲು ಮಾತ್ರ ಕೇಳಬೇಡ."

ಸುತ್ತಲಿನವರು ಗೊಳ್ಳೆಂದರು. ಜಗಳದ ವಾಸನೆ ಹಿಡಿದು ದಲ್ಲಾಳಿ ಬಾರ್ಟ್ಲಿ ನುಗ್ಗಿ ಬಂದ. ಕೋಯ್ನ್ ಮುಖ ಸಿಂಡರಿಸಿಕೊಂಡು ಕೆಚ್ಚಲು ಮುಟ್ಟಿ ನೋಡಿದ.

"ಸಾಧುನಾ?"

"ನನ್ನ ಗಂಡನಷ್ಟು."

"ಅವನು ಸತ್ತು ಎರಡು ವರ್ಷ ಆಯ್ತಲ್ಲ!"

"ಅದಕ್ಕೇ ಹೇಳಿದ್ದು."

ಕೋಯ್ನ್‌ಗೂ ನಗು ತಡೆಯಲಾಗಲಿಲ್ಲ. ಹನ್ನೆರಡು ಎಂದ. ಅವಳು ಹದಿನಾರು ಎಂದಳು. ಅವನು ರೇಗಿ ಹೊರಟುಹೋದ. ಹಾಗೆ ಹೋಗುವುದು ಪದ್ಧತಿ. ಬಾರ್ಟ್ಲಿ ಅವನ ತೋಳು ಹಿಡಿದು ಎಳೆತಂದ, ಅದೂ ಪದ್ಧತಿ. "ಹದಿನಾಲ್ಕು! ಇಬ್ಬರೂ ಅಂಗೈಗೆ ಉಗಿದು ಕೈಗೆ ಕೈ ಹೊಡೀರಿ, ವ್ಯಾಪಾರ ಮುಗೀಲಿ!"

ಕೋಯ್ನ್ ಕೈ ಮೇಲೇಳಲಿಲ್ಲ. "ಹೆಂಗಸಿನ ಕೈಗೆ ಹೆಂಗೆ ಹೊಡೀಲಿ ಮಾರಾಯ?"

ಡೀಲಿಯಾ ಕ್ಯಾಕರಿಸಿ ಅಂಗೈಗೆ ಉಗಿದು ಮುಂದೆ ಚಾಚಿದಳು. "ಈ ಕೈ ಮೂರು ಮಕ್ಕಳನ್ನ ಸಾಕಿದೆ, ಗಂಡನ ಗುಂಡಿಗೆ ಮಣ್ಣು ಹಾಕಿದೆ. ನಿನ್ನ ಏಟಿಗೇನೂ ಮುರಿಯಲ್ಲ. ಹೊಡಿ."

ಹೊಡೆದ ಸದ್ದಿಗೆ ಹಸು ಬೆಚ್ಚಿತು. ಕೋಯ್ನ್ ಕಣ್ಣಲ್ಲಿ ನೀರು ಬಂತು. ಮಾರಾಟವಾಯಿತೆಂದು ಹಸುವಿನ ಬೆನ್ನಿಗೆ ಕೆಸರು ಬಳಿದ. ಅವಳು ಹಣ ಎಣಿಸಿಕೊಂಡು, ಕೊಂಡವನಿಗೆ ಒಳ್ಳೆಯದಾಗಲೆಂದು ಒಂದು ಶಿಲಿಂಗ್ ನಾಣ್ಯ ಹಿಂದಕ್ಕೆ ಕೊಟ್ಟಳು.

ಇನ್ನು ಕೊಂಡವನು ಮಾರಿದವರಿಗೆ ಕುಡಿಸಬೇಕು, ಜೊತೆಗೆ ಕುಡಿಯಬೇಕು; ಇಲ್ಲವಾದರೆ ಹಸು ಉಳಿಯುವುದಿಲ್ಲ ಎಂಬುದು ನಂಬಿಕೆ. ಆದರೆ ಹೆಂಡದಂಗಡಿಯಲ್ಲಿ ಹೆಂಗಸರಿಗೆ ಗಂಡಸರ ನಡುವೆ ಜಾಗವಿಲ್ಲ. ಅವರಿಗೆಂದೇ ಮೂಲೆಯಲ್ಲಿ ನಾಲ್ಕು ಜನ ಕೂರುವಂಥ ಮರದ ಗೂಡೊಂದಿದೆ. ಡೀಲಿಯಾ ಅದರೊಳಗೆ ಹೋಗಿ ಕೂತಳು. ಲೋಟ ಹಿಡಿದ ಕೋಯ್ನ್ ಅತ್ತಿತ್ತ ನೋಡಿ, ತಲೆ ತಗ್ಗಿಸಿ, ತಾನೂ ಒಳನುಗ್ಗಿದ. ಅವನ ಹಿಂದೆ ಬಾರ್ಟ್ಲಿ. ಬಾರ್ಟ್ಲಿಯ ಹಿಂದೆ, ಹಸು ಸತ್ತ ಗಂಡನಷ್ಟು ಸಾಧು ಎಂಬ ಮಾತನ್ನು ಅವಳ ಬಾಯಲ್ಲೇ ಇನ್ನೊಮ್ಮೆ ಕೇಳಬೇಕೆಂದವರೆಲ್ಲ. ಗೂಡಿನ ಹಲಗೆ ಕಿರುಗುಟ್ಟಿತು.

ಖಾಲಿಯಾದ ಅಂಗಡಿಯಲ್ಲಿ ಫೆಸ್ಟಿ ಒಬ್ಬನೇ ಉಳಿದ. ಸ್ವಲ್ಪ ಹೊತ್ತು ಕಾದು, ಲೋಟ ಹಿಡಿದು ಅವನೂ ಗೂಡಿನ ಕಡೆ ಹೊರಟ.

"ಎಲ್ಲಿಗಪ್ಪ?" ಅಂಗಡಿಯವನು ತಡೆದ. "ಒಳಗೆ ಗಂಡಸರಿಗೇ ಜಾಗ ಸಾಲ್ತಿಲ್ಲ."