ಒಪ್ಪತ್ತಿನ ಹರಕೆ

"ಆಯಿ, ಕಣ್ಣ ತೆರಿ. ನಾನು, ಅನ್ನಪೂರ್ಣಾ."

ಅಡುಗೆಮನೆಯ ಗೋಡೆಗೆ ಒರಗಿ ಕುಸಿದಿದ್ದ ದೇವಕ್ಕ ಮೊಮ್ಮಗಳನ್ನು ಗುರುತಿಸಲಿಲ್ಲ. ಮೈಯೆಲ್ಲ ತಣ್ಣನೆಯ ಬೆವರು, ಕೈ ಗಡಗಡ. ಡಯಟಿಷಿಯನ್ ಆಗಬೇಕೆಂದು ಧಾರವಾಡದಲ್ಲಿ ಓದುತ್ತಿದ್ದ ಅನ್ನಪೂರ್ಣಾ ರಜೆಗೆಂದು ಹಿಂದಿನ ಸಂಜೆಯಷ್ಟೇ ಬೈಲಹೊಂಗಲಕ್ಕೆ ಬಂದಿದ್ದಳು. ರಕ್ತದಲ್ಲಿ ಸಕ್ಕರೆ ತೀರ ಇಳಿದರೆ ಹೀಗಾಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದಳು.

"ಅಪ್ಪಾ, ಸಕ್ರಿ ತಾ! ಲಗೂ!"

ಕಾಡಪ್ಪ ಬಾಗಿಲಲ್ಲೇ ನಿಂತ. "ಎಲ್ಲಿಂದ ತರ್ಲಿ? ಶುಗರ್ ಇದ್ದವ್ರ ಮನ್ಯಾಗ ಸಕ್ರಿ, ಬೆಲ್ಲ ಕಣ್ಣಿಗಿ ಬೀಳಬಾರ್ದು ಅಂತ ನೀನಽ ಫೋನಿನಾಗ ಹೇಳಿದ್ದಿ. ಡಬ್ಬಿ ಸಮೇತ ಕೊಟ್ಟಬಿಟ್ಟೇವಿ."

"ಹಂಗಾರ ಅಂಗಡಿಗಿ ಓಡಪಾ!"

ಅವನು ಬರಿಗಾಲಲ್ಲಿ ಓಡಿದ. ಅಜ್ಜಿಯ ತಲೆ ವಾಲತೊಡಗಿತು. ಅನ್ನಪೂರ್ಣಾಳ ಕಣ್ಣು ದೇವರ ಜಗಲಿಯ ಮೇಲೆ ಬಿತ್ತು. ವಿಭೂತಿಯ ಪಕ್ಕದಲ್ಲಿ ಅರಿಶಿನ ಬಟ್ಟೆಯ ಸಣ್ಣ ಗಂಟು. ಬಿಚ್ಚಿದರೆ ಸಕ್ಕರೆ! ನೀರಿಗೆ ಕದಡಿ ಚಮಚದಿಂದ ಹನಿಸಿದಳು. "ನುಂಗ ಆಯಿ, ನುಂಗವಾ..." ಮೊದಲ ಗುಟುಕು ಗದ್ದದ ಮೇಲೆ ಇಳಿದುಹೋಯಿತು. ಎರಡನೆಯದು ಒಳಗೆ ಹೋಯಿತು.

ಕಾಡಪ್ಪ ಮರಳುವಷ್ಟರಲ್ಲಿ ದೇವಕ್ಕನಿಗೆ ಎಚ್ಚರ ಬಂದಿತ್ತು. ಖಾಲಿ ಬಟ್ಟೆ ಕಂಡು ಸಿಟ್ಟಾದಳು. "ಹರಕಿ ಸಕ್ರಿ ಮುಟ್ಟಿದ್ಯಾ? ನೀ ಪಾಸಾದ ಮ್ಯಾಲ ಬಸವಣ್ಣಗ ನೈವೇದ್ಯ ಮಾಡಾಕ ಇಟ್ಟಿದ್ನೆಲ್ಲ!"

"ಬಸವಣ್ಣಗ ನಾ ಹೇಳ್ತೇನಿ ಬಿಡ. ರಾತ್ರಿ ನಂದು ಊಟ ಆತು ಅಂದ್ಯೆಲ್ಲ, ಖರೇ ಉಂಡಿದ್ದೇನು?"

"ರೊಟ್ಟಿ ಕಮ್ಮಿ ಮಾಡು, ಶುಗರಿನ ಗುಳಗಿ ತಪ್ಪಸಬ್ಯಾಡ ಅಂದಾಕಿ ನೀನಽ. ಕಮ್ಮಿ ಯಾಕ, ನೀ ಪಾಸಾಗೂತನಕಾ ಒಪ್ಪತ್ತ ಹಿಡದೇನಿ. ಮುಂಜಾನೆ ಬಡದ ರೊಟ್ಟಿ ಮಧ್ಯಾಹ್ನ ಒಮ್ಮಿ ಉಣ್ಣೂದು, ಅಷ್ಟಽ. ಗುಳಗಿ ಮಾತ್ರ ಎರಡೂ ಹೊತ್ತು ತಪ್ಪಸಿಲ್ಲ ನೋಡು."

ಎರಡು ಹೊತ್ತು ಗುಳಿಗೆ, ಒಂದೇ ಹೊತ್ತು ಊಟ; ಸಕ್ಕರೆ ಇಳಿದದ್ದು ಹೀಗೆಂದು ಅನ್ನಪೂರ್ಣಾಳಿಗೆ ಹೊಳೆಯಿತು. ಕಮ್ಮಿಯೆಂದರೆ ಎಷ್ಟು ಎಂದು ಹೇಳಲು ಇನ್ನೊಂದು ಮಾತು ಸಾಕಿತ್ತು; ಫೋನಿನಲ್ಲಿ ಅದನ್ನವಳು ಹೇಳಿರಲಿಲ್ಲ.

"ನಾ ಒಬ್ಬಾಕಿನಽ ಅಲ್ಲವಾ" ಎಂದಳು ದೇವಕ್ಕ, ಹೆಮ್ಮೆಯಿಂದ. "ಬಾಜೂಮನಿ ಶಟ್ಟೆವ್ವಗೂ ಶುಗರ್ ಐತೆಲ್ಲ. ಒಬ್ಬಾಕಿನಽ ಇರತಾಳ, ಪಾಪ. ನಮ್ಮ ಹುಡುಗಿ ಡಾಕ್ಟರಿಗಿಂತ ಶಾಣ್ಯಾಕಿ ಅಂತ ಹೇಳಿ ಆಕಿಗೂ ಒಪ್ಪತ್ತ ಹಿಡಿಸೇನಿ."

ಅನ್ನಪೂರ್ಣಾ ಪಕ್ಕದ ಮನೆಗೆ ತಾಗಿದ ಗೋಡೆಯ ಕಡೆ ತಿರುಗಿದಳು. ರಜೆಗೆ ಬಂದಾಗಲೆಲ್ಲ ಅವಳನ್ನು ಎಬ್ಬಿಸುತ್ತಿದ್ದದ್ದು ಅದರಾಚೆ ಶಟ್ಟೆವ್ವ ರೊಟ್ಟಿ ಬಡಿಯುವ ಸದ್ದು. ಈಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಇವತ್ತು ಅನ್ನಪೂರ್ಣಾ ತಾನಾಗಿಯೇ ಎದ್ದಿದ್ದಳು; ಆ ಸದ್ದು ಇನ್ನೂ ಕೇಳಿರಲಿಲ್ಲ.